ಗಂಗವ್ವನ ಗಂಡನ ಕಾಲು, ನನ್ನ ಗಂಡನ ಕೈ

ನಮ್ಮವರ ಕೈಗೆ ಏನೋ ಆಗಿದೆ ಎಂದು ನನಗೆ ಗೊತ್ತಾದದ್ದು ಸಜ್ಜೆ ಕೊಯ್ಯುವಾಗ. ಹಿಮದ ಗಡಿಯಲ್ಲಿ ಕಾದಾಡಿ, ದಂಡು ಬಿಟ್ಟು ಬಿಜ್ಜರಗಿಗೆ ಬಂದು ಇನ್ನೂ ಒಂದು ಸುಗ್ಗಿಯೂ ಕಳೆದಿರಲಿಲ್ಲ. ಕುಡುಗೋಲು ಬೆರಳಿಗೆ ತಾಗಿ ದಂಟೆಲ್ಲ ಕೆಂಪಾಗಿತ್ತು. ಅವರು ಕೊಯ್ಯುತ್ತಲೇ ಇದ್ದರು.

ಅವರಿಗೆ ಗೊತ್ತೇ ಆಗಿರಲಿಲ್ಲ.

ಫ್ರಾಸ್ಟ್‌ಬೈಟ್ ಅಂತೆ. ಚಳಿಗೆ ಬೆರಳು ಸತ್ತಿದ್ದವು, ಆದರೆ ಉದುರಿರಲಿಲ್ಲ. ಅದೇ ತಪ್ಪಾಯಿತು. ಕೈ ಕೆಲಸಕ್ಕೆ ಬರುತ್ತದೆ ಎಂದು ಮೆಡಿಕಲ್ ಬೋರ್ಡ್ ಹೇಳಿ, ಡಿಸೆಬಿಲಿಟಿ ಪೆನ್ಶನ್ ಇಲ್ಲವೆಂದಿತು. ಊರಿನವರು ಅವರನ್ನು ಮೈಗಳ್ಳ ಎನ್ನತೊಡಗಿದರು.

ಗಂಗವ್ವ ನನ್ನ ಚಿಗವ್ವನ ಮಗಳು, ಕಾಖಂಡಕಿಗೆ ಕೊಟ್ಟಿದ್ದಾರೆ. ಅವಳ ಗಂಡ ಬಸಪ್ಪನೂ ನಮ್ಮವರೂ ಒಂದೇ ಪಲ್ಟನ್ನು. ಬಸಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಅವನಿಗೆ ಪೆನ್ಶನ್ ಮಂಜೂರಾಯಿತು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಸಿಕ್ಕಾಗ ಗಂಗವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು.

ಕಾಲು ಹೋದವನ ಹೆಂಡತಿಯನ್ನು ನೋಡಿ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು. ಆದರೂ ಪಟ್ಟೆ. ಬಸಪ್ಪನ ಕಾಲು ಇಲ್ಲದ್ದು ಇಡೀ ಬಜಾರಿಗೆ ಕಾಣುತ್ತಿತ್ತು, ಜನ ಎದ್ದು ಜಾಗ ಕೊಡುತ್ತಿದ್ದರು. ನನ್ನ ಗಂಡ ಚಹಾದ ಕಪ್ಪು ಕೆಡವಿದರೆ ಹೋಟೆಲಿನವನು ಬೈಯುತ್ತಿದ್ದ.

ಅಪೀಲು ಮಾಡಿದೆವು. ಅಷ್ಟರಲ್ಲಿ ಅವರಿಗೆ ಬಲಗಿವಿ ಕೇಳಿಸದಾಗಿತ್ತು, ಉಬ್ಬಸವೂ ಹತ್ತಿತ್ತು. ಟಿಕೋಟಾದ ಡಾಕ್ಟರರು, "ಅವನ್ನೂ ಸೇರಿಸ್ರಿ" ಎಂದರು. ನಮ್ಮವರು ಸಿಟ್ಟಿಗೆದ್ದರು.

"ಜಡ್ಡಿನ ಸಂತಿ ಹಚ್ಚಾಕ ಹೊಂಟೀಯೇನ?"

"ಹಚ್ತೇನಿ. ನಿಮಗ ಮರ್ಯಾದಿ ಬೇಕು, ನನಗ ನ್ಯಾಯ ಬೇಕು."

ಒಂದು ದಿನ ಬಸಪ್ಪನೇ ಬಗಲಕೋಲು ಊರುತ್ತ ನಮ್ಮ ಮನೆಗೆ ಬಂದ. ಮೊದಲ ಸಲ ಅವರಿಬ್ಬರೂ ಬೋರ್ಡಿನ ಮುಂದೆ ಒಟ್ಟಿಗೆ ಹೋಗಿದ್ದರು.

"ಡಾಕ್ಟರ್ ಹ್ಯಾಂಗದೀ ಅಂತ ಕೇಳಿದರ, ನಿನ್ನ ಗಂಡ ಎದಿ ಸೆಟೆಸಿ, ಠೀಕ್ ಹೈ ಸಾಬ್ ಅಂದ, ತಂಗಿ."

"ನೀವೇನಂದ್ರಿ?"

"ನಾನೂ ಹಂಗ ಅಂದೆ. ಸಿಪಾಯಿ ಮತ್ತೇನ ಅಂತಾನ? ಆದರ ನನ್ನ ಕಾಲು ಹೂಂ ಅನ್ನಲಿಲ್ಲ."

ಆಗ ನನಗೆ ಹೊಳೆಯಿತು. ನಮ್ಮವರಿಗೆ ಗುಂಡಿ ಹಾಕಲು ಬರುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಸಾಹೇಬರ ಮುಂದೆ ಅದು ಬಯಲಾಗಬಾರದೆಂದು ಆ ದಿನ ತಲೆಯ ಮೇಲಿಂದ ಎಳೆದು ತೆಗೆಯುವ ನೆಹರೂ ಅಂಗಿ ತೊಡಿಸಿ ಕಳಿಸಿದ್ದೆ. ಅವರ ಕೈಯನ್ನು ಡಾಕ್ಟರರಿಂದ ಬಚ್ಚಿಟ್ಟವಳು ನಾನೇ.

ಅಪೀಲಿನ ತಪಾಸಣೆಗೆ ಕರೆ ಬಂತು. ಈ ಸಲ ಹಳೆಯ ಮಿಲಿಟರಿ ಅಂಗಿ ತೊಡಿಸಿದೆ. ಕುತ್ತಿಗೆಯವರೆಗೂ ಗುಂಡಿ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡು ಅವರು ಮೀಸೆ ತಿರುವಿದರು. ಯಾಕೆ ಹಾಗೆ ಮಾಡಿದೆನೆಂದು ನಾನು ಹೇಳಲಿಲ್ಲ.

ಮಿಲಿಟರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರ್ ಕೇಳಿದರು. ಇವರು ಮತ್ತೆ ಎದೆ ಸೆಟೆಸಿ, "ಠೀಕ್ ಹೈ ಸಾಬ್" ಎಂದರು.

"ಅಂಗಿ ತೆಗಿ."

ಮೇಲಿನ ಗುಂಡಿಗೆ ಕೈ ಹಚ್ಚಿದರು. ಬೆರಳು ಜಾರಿದವು. ಮತ್ತೆ ಹಚ್ಚಿದರು. ಹಣೆಯಲ್ಲಿ ಬೆವರೊಡೆಯಿತು, ಉಬ್ಬಸ ಏರಿತು. ಹುಲಿಯಂತಿದ್ದ ಮನುಷ್ಯ ಒಂದು ಗುಂಡಿಯ ಮುಂದೆ ಸೋತು ನನ್ನ ಕಡೆ ನೋಡಿದರು.

ನಾನು ಹೋಗಲಿಲ್ಲ.

ಡಾಕ್ಟರರೇ ಎದ್ದು ಬಂದು ಅವರ ಕೈ ಹಿಡಿದು, ಒಂದೊಂದೇ ಬೆರಳಿಗೆ ಸೂಜಿ ಚುಚ್ಚಿ ನೋಡಿದರು.

ಕೈಗೆ ಪೆನ್ಶನ್ ಮಂಜೂರಾಯಿತು. ಕಿವಿ, ಉಬ್ಬಸ ಎರಡನ್ನೂ ಒಪ್ಪಲಿಲ್ಲ. ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಸುದ್ದಿ ಕೇಳಿ ಗಂಗವ್ವ ಬಂದಳು. ಊಟಕ್ಕೆ ಕೂತವಳು, ಹೊಲಕ್ಕೆ ಹೊರಟ ನಮ್ಮವರನ್ನೇ ನೋಡುತ್ತ ಕೈಯಲ್ಲಿದ್ದ ತುತ್ತು ಮರೆತಳು.

"ನಿನ್ನ ಗಂಡ ಹೆಂಗ ನಡಕೋತ ಹೋಗ್ತಾನ ನೋಡ. ಮೊದಲಿಂದಲೂ ನಿನ್ನ ಕಂಡರ ನನಗ ಹೊಟ್ಟಿ ಉರೀತೈತಿ ಬೇ."

ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಬೆಣ್ಣೆ ಇಟ್ಟೆ.

ಮುಂಜಾನೆ ಗುಂಡಿ ಹಾಕುವಾಗ ನಮ್ಮವರು ಈಗಲೂ ಸಿಟ್ಟು ತೆಗೆಯುತ್ತಾರೆ.

"ಬಾಗಿಲಾಗ ನಿಂತು ನೋಡಾಕತ್ತಿದ್ದಿ. ಬರಲಿಲ್ಲ."

"ಬಂದಿದ್ದರ ಇವತ್ತೂ ಮೈಗಳ್ಳ ಅನ್ನಿಸಿಕೊಂಡ ಇರತಿದ್ರಿ."

ಅವರು ಮೇಲಿನ ಗುಂಡಿ ಹಾಕಲೆಂದು ಗದ್ದ ಎತ್ತಿ ನಿಲ್ಲುತ್ತಾರೆ.