ಹದಿನೈದು ಅಕ್ಷರದ ಜಾಗ

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಟ್ರಸ್ಟಿನವರು ಕಂಪ್ಯೂಟರ್ ಕಲಿಸುವ ಕೇಂದ್ರ ಇಟ್ಟಿದ್ದರು. ಎರಡು ಸಾವಿರದ ಎಂಟನೇ ಇಸವಿಯ ಮಾತು. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವಳು ಚಂದ್ರಿಕಾ. ಹನಗೋಡಿನಿಂದಾಚೆ, ಕಾಡಂಚಿನಲ್ಲಿ ಗಿರಿಜನರ ಪುಟ್ಟ ನೆಲೆ ಕಲ್ಲುಗುಂಡಿ ಹಾಡಿಯವಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರ ದೆಸೆಯಿಂದ ಒಂದೆರಡು ಕೆಲಸ ಕಳೆದುಕೊಂಡಿದ್ದೂ ಉಂಟು.

ಸಿಟ್ಟು ಸುಮ್ಮನೆ ಬಂದದ್ದಲ್ಲ ಅನ್ನಿ. ಹೈಸ್ಕೂಲು ಓದುವಾಗ ಹಾಸ್ಟೆಲಿನಲ್ಲಿ ಬೇರೆ ಹುಡುಗಿಯರ ತಟ್ಟೆಯ ಮೇಲೆಲ್ಲ ಅವರವರ ಹೆಸರು ಕೆತ್ತಿಸಿದ್ದರು. ಇವಳ ತಟ್ಟೆಯ ಮೇಲೆ ಮಾತ್ರ ‘ಹಾಡಿ ೨’. ಟ್ರಂಕಿನ ಮೇಲೂ ಅದೇ, ಬಣ್ಣದಲ್ಲಿ. ಗುರುತಿಗೆ ತಾನೆ, ಅದರಲ್ಲೇನಿದೆ ಎನ್ನುವ ಪುಣ್ಯಾತ್ಮರು ಯಾರಾದರೂ ಇದ್ದರೆ ಆ ತಟ್ಟೆಯಲ್ಲಿ ಒಂದು ವರ್ಷ ಉಂಡು ಬಂದು ಮಾತಾಡಲಿ.

ಇರಲಿ, ಕೇಂದ್ರದ ಕಥೆಗೆ ಬರೋಣ. ಅಲ್ಲಿಗೆ ದಾನವಾಗಿ ಬಂದಿದ್ದು ಒಂದೇ ಒಂದು ಗಟ್ಟಿ ಯಂತ್ರ. ಮಿಕ್ಕದ್ದೆಲ್ಲ ಹಳೇ ಪರದೆ, ಹಳೇ ಕೀಲಿಮಣೆ. ಆ ಒಂದು ಯಂತ್ರದ ಹೊಟ್ಟೆಯೊಳಗೇ ಪ್ರತಿ ವಿದ್ಯಾರ್ಥಿಗೂ ಒಂದೊಂದು ಕಂಪ್ಯೂಟರ್ ಇರುವ ಹಾಗೆ ಚಂದ್ರಿಕಾ ವ್ಯವಸ್ಥೆ ಮಾಡಿದ್ದಳು. ಕೈಗೆ ಸಿಗದ ಕಂಪ್ಯೂಟರು, ಆದರೆ ಕೆಲಸ ಮಾತ್ರ ನಿಜವಾದದ್ದೇ ಮಾಡುತ್ತಿತ್ತು. ಪ್ರತಿಯೊಂದಕ್ಕೂ ಕೈಗೆ ಸಿಗದ ಒಂದು ನೆಟ್‌ವರ್ಕ್ ಕಾರ್ಡು. ಆ ಕಾರ್ಡಿಗೆ ಹೆಸರಿಡದಿದ್ದರೆ ಯಂತ್ರ ಒಪ್ಪುತ್ತಿರಲಿಲ್ಲ. ಹೆಸರಿಗೂ ಕಟ್ಟಳೆ ಇತ್ತು. ಇಂಗ್ಲಿಷಿನ ಹದಿನೈದು ಅಕ್ಷರ ದಾಟುವಂತಿಲ್ಲ, ಒಂದೇ ಹೆಸರು ಎರಡಕ್ಕೆ ಇರುವಂತಿಲ್ಲ. ಹಾಗೇನಾದರೂ ಇದ್ದರೆ ಮೊದಲು ಶುರುವಾದದ್ದು ಓಡುತ್ತದೆ, ಆಮೇಲಿನದು ಜಪ್ಪಯ್ಯ ಅಂದರೂ ಏಳುವುದಿಲ್ಲ.

ಹೆಸರು ಹೇಗಿರಬೇಕೆಂದು ತೀರ್ಮಾನಿಸಿದವರು ಮೇಲ್ವಿಚಾರಕ ಷಣ್ಮುಖಪ್ಪನವರು. ಕಂದಾಯ ಇಲಾಖೆಯಲ್ಲಿ ಜೀವ ಸವೆಸಿ ನಿವೃತ್ತರಾದ ಮನುಷ್ಯ. ಯಾರ ಹೆಸರು ಕೇಳಿದರೂ ಹಿಂದೆಯೇ ಊರು ಕೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಊರು ಮೊದ್ಲು ಬರ್ಬೇಕು ಕಣಮ್ಮ. ಮೈಸೂರಿಂದ ಯಾರಾದ್ರೂ ಬಂದು ನೋಡುದ್ರೆ ಇದು ಬಿಳಿಕೆರೆದು, ಇದು ಚುಂಚನಕಟ್ಟೆದು ಅಂತ ಥಟ್ ಅಂತ ಗೊತ್ತಾಗ್ಬೇಕು” ಎಂದಿದ್ದರು.

ಊರೂರಿಗೂ ಒಂದೊಂದು ಮೋಟು ಹೆಸರನ್ನು ಅವರೇ ಕೊಟ್ಟರು. ಅದಾದ ಮೇಲೆ ವಿದ್ಯಾರ್ಥಿಯ ಹೆಸರು. ಹಾಡಿಗೆ ಬಂದಾಗ ಪೆನ್ನು ನಿಂತಿತು. ಕಂದಾಯದ ಲೆಕ್ಕದಲ್ಲಿ ಹಾಡಿ ಒಂದು ಊರೇ ಅಲ್ಲವಲ್ಲ! ಅದಕ್ಕೇಕೆ ಮೋಟು ಹೆಸರು ಎಂದು ‘ಗಿರಿಜನ ಹಾಡಿ’ ಅಂತಲೇ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದುಕೊಟ್ಟರು. ಚಂದ್ರಿಕಾ ಅದನ್ನು ಹಾಗೆಯೇ ಯಂತ್ರಕ್ಕೆ ಉಣಿಸಿದಳು. ಹದಿನೈದು ದಾಟಿದ ಬಾಲವನ್ನು ಕತ್ತರಿಸು ಎಂದು ಯಂತ್ರಕ್ಕೆ ಹೇಳಿದವಳೂ ಅವಳೇ.

ಹಾಡಿಯಿಂದ ಕಲಿಯಲು ಬರುತ್ತಿದ್ದವರು ರಂಗ, ಸುರೇಶ ಮತ್ತು ಚೆನ್ನಿ. ಚೆನ್ನಿಯ ಕಥೆ ಸ್ವಲ್ಪ ಬೇರೆ. ಕೊಡಗಿನ ಕಾಫಿ ತೋಟದಲ್ಲಿ ಕೂಲಿಯವರ ಲೈನು ಮನೆಯಲ್ಲಿ ಬೆಳೆದವಳು, ಅಲ್ಲಿಂದ ಹಟ ಹಿಡಿದು ತನ್ನವರ ಹಾಡಿಗೆ ಎದ್ದು ಬಂದಿದ್ದಳು. ಇಲ್ಲಿ ಪಾಸಾದರೆ ಹುಣಸೂರಿನ ಗೋದಾಮೊಂದರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಕೊಡುತ್ತೇನೆಂದು ಒಬ್ಬರು ಮಾತು ಕೊಟ್ಟಿದ್ದರು. ಫೇಲಾದರೆ ತೋಟದ ಮೇಸ್ತ್ರಿಯ ಜೀಪು ಹಾಡಿಯ ಬಾಗಿಲಿಗೇ ಬರುತ್ತಿತ್ತು. “ಓದಿದ್ದು ಸಾಕು, ಬುಟ್ಟಿ ತಗೋ” ಎಂದು ಅವನು ಆಗಲೇ ಒಂದು ಸಲ ನಕ್ಕು ಹೋಗಿದ್ದ.

ಪರೀಕ್ಷೆಗೆ ವಾರವಿದೆ ಎನ್ನುವಾಗ ಚಂದ್ರಿಕಾ ಒಂದು ಸಂಗತಿ ಗಮನಿಸಿದಳು. ಹಾಡಿಯ ಮೂವರೂ ಒಂದೇ ಪರದೆಯ ಮುಂದೆ ಒತ್ತಿಕೊಂಡು ಕೂತಿದ್ದರು. ಪಕ್ಕದ ಎರಡು ಪರದೆ ಕಪ್ಪಗಿದ್ದವು. ಇಷ್ಟು ದಿನ ನೋಡಿಯೂ ಅವಳು ಜೊತೆಗಾರರ ಸಲುಗೆ ಅಂದುಕೊಂಡಿದ್ದಳು.

“ಏನ್ಲಾ ರಂಗ, ಮೂರು ಜನ ಒಂದ್ರ ಮುಂದೆ ಯಾಕ್ಲಾ? ನಿಮ್ ನಿಮ್ದು ಏನಾಯ್ತು?”

“ಒಂದೇ ಕಣಕ್ಕ ಏಳೋದು” ಎಂದ ರಂಗ. “ಮೊದ್ಲು ಬಂದೋರು ಆನ್ ಮಾಡ್ತೀವಿ. ಮಿಕ್ಕೋರು ಪಕ್ದಲ್ಲಿ ಕುಂತ್ಕತೀವಿ.”

“ಯಾವಾಗಿಂದ?”

“ಮೊದ್ಲಿಂದ್ಲೂ ಅಂಗೇ.”

“ನನ್ ಹತ್ರ ಒಂದ್ ಮಾತು ಯೋಳಕ್ಕೆ ನಿಮ್ಗೇನಾಗಿತ್ತು ರೋಗ!”

ಚೆನ್ನಿ ತಲೆ ಎತ್ತದೆ ಹೇಳಿದಳು. “ನಮ್ಗೆ ಅಂತ ಒಂದೇ ಕೊಟ್ಟವ್ರೆ ಅನ್ಕಂಡೋ ಕಣಕ್ಕ. ಅಂಚ್ಕಂಡ್ರೆ ಆಯ್ತು ಅಂತ ಸುಮ್ಕಾದೋ.”

ಹಾಡಿಯಲ್ಲಿ ಸಿಕ್ಕಿದ್ದನ್ನು ಹಂಚಿಕೊಳ್ಳುವುದು ಹುಟ್ಟಿನಿಂದ ಬಂದದ್ದು. ಜೇನಾಗಲಿ ಗೆಣಸಾಗಲಿ, ಒಬ್ಬರೇ ತಿನ್ನುವ ಮಾತೇ ಇಲ್ಲ. ಅಂಥ ಒಳ್ಳೇ ಗುಣವೇ ಇಲ್ಲಿ ಅವರ ಬಾಯಿ ಕಟ್ಟಿಹಾಕಿತ್ತು. ಬಿಳಿಕೆರೆಯವರಿಗೆ ಹೀಗಾಗಿದ್ದರೆ ಮೊದಲ ದಿನವೇ ಕೇಂದ್ರದ ಸೂರು ಹಾರಿಸುತ್ತಿದ್ದರು.

ಗಟ್ಟಿ ಯಂತ್ರದ ಮುಂದೆ ಹೋಗಿ ಕೂತಳು. ಓಡುತ್ತಿದ್ದ ಕಾರ್ಡುಗಳ ಹೆಸರನ್ನು ಒಂದೊಂದಾಗಿ ನೋಡಿದಳು. girijana-haadi-. ಅಷ್ಟೇ ಇತ್ತು. ಗಿರಿಜನ ಎಂದು ಬರೆದು, ಹಾಡಿ ಎಂದು ಬರೆದು, ಗೆರೆ ಎಳೆಯುವಷ್ಟರಲ್ಲಿ ಹದಿನೈದು ಮುಗಿದುಹೋಗಿತ್ತು. ರಂಗನ ಹೆಸರೂ ಕತ್ತರಿಸಿಹೋಗಿತ್ತು, ಸುರೇಶನದೂ, ಚೆನ್ನಿಯದೂ. ಮೂರು ಜೀವಕ್ಕೆ ಒಂದೇ ಹೆಸರು. ಕತ್ತರಿ ತನ್ನದೇ ಎಂದು ಗೊತ್ತಾದಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಸೀದಾ ಷಣ್ಮುಖಪ್ಪನವರ ಕೋಣೆಗೆ ನುಗ್ಗಿದಳು. ಅವರು ಕೇಳಿ ನಕ್ಕುಬಿಟ್ಟರು. “ಇಷ್ಟೇನಾ! ಹಾಡಿ ಒಂದು, ಹಾಡಿ ಎರಡು, ಹಾಡಿ ಮೂರು ಅಂತ ಇಟ್ಬುಡು. ಚಿಕ್ಕದೂ ಆಯ್ತು, ಒಂದರಂಗೆ ಇನ್ನೊಂದಿಲ್ಲ. ನಿನ್ ಮಿಷಿನ್ ಕೇಳೋದು ಅಷ್ಟೇ ತಾನೆ?”

ಮಾತು ಸರಿಯಾಗಿಯೇ ಇತ್ತು. ಯಂತ್ರ ಅದನ್ನು ಕಣ್ಣು ಮುಚ್ಚಿ ಒಪ್ಪುತ್ತಿತ್ತು. ಚಂದ್ರಿಕಾಳ ಕಣ್ಣ ಮುಂದೆ ಮಾತ್ರ ಸ್ಟೀಲಿನ ತಟ್ಟೆ ಬಂದು ನಿಂತಿತು.

“ಆಗಲ್ಲ ಸಾರ್.”

“ಯಾಕಮ್ಮ ಆಗಲ್ಲ?”

“ಬಿಳಿಕೆರೆ ಹುಡುಗ ಧರ್ಮೇಂದ್ರಂಗೆ ಹೆಸರು, ನಮ್ ಚೆನ್ನಿಗೆ ನಂಬರಾ? ನಂಬರ್ ಹಾಕ್ಸ್ಕಂಡು ಉಂಡಿದ್ದೀನಿ ಸಾರ್, ನಂಗೊತ್ತು ಅದರ ರುಚಿ. ಊರು ಇರದಾದ್ರೆ ಎಲ್ರುಗೂ ಇರ್ಲಿ. ಇಲ್ಲ ಅಂದ್ರೆ ಯಾರ್ಗೂ ಬ್ಯಾಡ. ಎಲ್ಲಾರ್ದೂ ತಗ್ದ್ಬುಡ್ತೀನಿ.”

ಷಣ್ಮುಖಪ್ಪನವರ ನಗು ಇಳಿಯಿತು. “ನಾನ್ ಹೇಳ್ದಂಗೆ ಮಾಡಕ್ಕಾಗಲ್ಲ ಅಂದ್ರೆ ನೀನು ಇಲ್ಲಿ ಇರೋದು ಬೇಡ.”

“ಪರೀಕ್ಷೆ ಆಗೋಗಂಟ ಇರ್ತೀನಿ. ಆಮೇಲೆ ಕಳಿಸ್ಬುಡಿ” ಎಂದು ಬಾಗಿಲು ಬಡಿದುಕೊಂಡು ಹೊರಗೆ ಬಂದಳು.

ಹೊಸ ಹೆಸರು ಹೇಗಿರಬೇಕು ಎಂದು ಅವಳು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಅವಳಪ್ಪ ಜೇನು ಕಟ್ಟಿದ ಮರ ಕಂಡರೆ ಮೊದಲು ಸುತ್ತ ಹೋಗಿ ನೋಡುತ್ತಿದ್ದ. ಬೇರೆಯವರ ಕಚ್ಚು ಇಲ್ಲವೆಂದು ಖಾತ್ರಿಯಾದ ಮೇಲೆ ಕೊಡಲಿಯಿಂದ ತನ್ನದೊಂದು ಕಚ್ಚು ಹಾಕಿ ಬರುತ್ತಿದ್ದ. ಆಮೇಲೆ ಆ ಮರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಚ್ಚಿಗೆ ಕುಲವೂ ಇಲ್ಲ, ಊರೂ ಇಲ್ಲ. ಅವಳು ಯಂತ್ರಕ್ಕೂ ಅದನ್ನೇ ಹೇಳಿಕೊಟ್ಟಳು: ಒಂದು ಕಂಪ್ಯೂಟರ್ ಏಳುವಾಗ ಕಣ್ಣು ಮುಚ್ಚಿ ಅಕ್ಷರವೋ ಅಂಕಿಯೋ ನಾಲ್ಕು ಆರಿಸಿಕೋ, ಆ ಹೆಸರು ಆಗಲೇ ಯಾರಿಗಾದರೂ ಇದೆಯಾ ನೋಡು, ಇದ್ದರೆ ಬೇರೆ ಆರಿಸಿಕೋ, ಇಲ್ಲದಿದ್ದರೆ ಅದೇ ಹೆಸರು. ಸಂಜೆ ಆಫ್ ಮಾಡಿದಾಗ ಹೆಸರು ಅಳಿಯುತ್ತದೆ, ಬೆಳಿಗ್ಗೆ ಬೇರೊಂದು ಹುಟ್ಟುತ್ತದೆ.

ಮಾರನೇ ದಿನ ಮೂರೂ ಪರದೆ ಬೆಳಗಿದವು. ಚೆನ್ನಿ ತನ್ನದರ ಮುಂದೆ ಒಬ್ಬಳೇ ಕೂತು, ಎರಡು ಕಡೆಗೂ ತಿರುಗಿ ನೋಡಿದಳು. ಯಾರೂ ಕುರ್ಚಿ ಎಳೆದುಕೊಂಡು ಬರಲಿಲ್ಲ.

ಪರೀಕ್ಷೆಗೆ ಮೈಸೂರಿನಿಂದ ಬಂದವರು ಒಬ್ಬ ಮೇಡಂ. ಒಬ್ಬರಿಗೆ ಒಂದು ಕಂಪ್ಯೂಟರ್, ಎದುರಿಗೆ ಯಂತ್ರವಿಲ್ಲದವರು ಗೈರುಹಾಜರು ಎಂದು ಮೊದಲೇ ಸಾರಿದರು. ಆಮೇಲೆ ಗಟ್ಟಿ ಯಂತ್ರದ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. k7mq, zt4b, x9ra. “ಏನ್ರೀ ಇದು? ಯಾವುದು ಯಾರದು?”

ಷಣ್ಮುಖಪ್ಪನವರು ಕೆಂಡವಾದರು. “ನೋಡ್ದಾ? ನಾನು ಬಡ್ಕೊಂಡಿರ್ಲಿಲ್ವಾ!”

“ಅದು ಮಿಷಿನ್ ಹೆಸರು ಮೇಡಂ, ಮಿಷಿನ್‌ಗೆ ಅಷ್ಟು ಸಾಕು” ಎಂದಳು ಚಂದ್ರಿಕಾ. “ಕುಂತಿರೋರ ಹೆಸರು ಬೇಕಾದ್ರೆ ಅವರ್ನೇ ಕೇಳಿ. ಬಾಯಿ ಐತೆ ಅವ್ರಿಗೆ.”

ಮೇಡಂ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಬಯ್ಯಲಿಲ್ಲ. ಸಾಲಿನುದ್ದಕ್ಕೂ ನಡೆಯುತ್ತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡರು. ಕೊನೆಯ ಸಾಲಿಗೆ ಬಂದಾಗ ಹಿಂದಿನಿಂದ ಷಣ್ಮುಖಪ್ಪನವರು ಬಾಯಿ ಹಾಕಿದರು. “ಅದು ಹಾಡಿದು ಮೇಡಂ.”

ಚೆನ್ನಿ ಎದ್ದು ನಿಂತಳು. ಯಾವತ್ತೂ ಪಿಸುಗುಟ್ಟುತ್ತಿದ್ದ ಹುಡುಗಿ, ಅವತ್ತು ಕೆಳಗಿನ ಟಯರ್ ಅಂಗಡಿಗೂ ಕೇಳುವಂತೆ ಹೇಳಿದಳು. “ಇದು ನಂದು ಮೇಡಂ. ನನ್ನೊಬ್ಬಳ್ದೇ. ನನ್ ಹೆಸ್ರು ಚೆನ್ನಿ. ನಮ್ದು ಕಲ್ಲುಗುಂಡಿ ಹಾಡಿ.” ಚಂದ್ರಿಕಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮೂವರೂ ಪಾಸಾದರು. ಮೇಸ್ತ್ರಿಯ ಜೀಪು ಹಾಡಿಗೆ ಬಂದು, ಚೆನ್ನಿ ಇಲ್ಲದೆ ಖಾಲಿಯೇ ತಿರುಗಿತು. ಫಲಿತಾಂಶ ಬಂದ ಸಂಜೆಯೇ ಷಣ್ಮುಖಪ್ಪನವರು ಚಂದ್ರಿಕಾಳನ್ನು ಕರೆದು, ಇನ್ನು ಬರಬೇಡ ಎಂದರು. ಅವಳು ಕಾಯುತ್ತಿದ್ದದ್ದೂ ಅದನ್ನೇ. ಮಧ್ಯಾಹ್ನವೇ ಊಟದ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡಿದ್ದಳು. ಮೆಟ್ಟಿಲಿಳಿಯುವಾಗ ಅವರು ಮೇಲಿನಿಂದ ಕೂಗಿದರು. “ಹೋಗೋಕ್ ಮುಂಚೆ ಹಳೇ ಹೆಸರೆಲ್ಲ ವಾಪಸ್ ಹಾಕ್ಬುಟ್ಟು ಹೋಗಮ್ಮ!”

ಚಂದ್ರಿಕಾ ನಿಂತಳು. ತಿರುಗಿ, ಕತ್ತೆತ್ತಿ ನೋಡಿದಳು.

“ನೀವೇ ಹಾಕ್ಕಳಿ ಸಾರ್. ಹದಿನೈದು ಅಕ್ಷರಕ್ಕೆ ಜಾಗ ಐತೆ. ಮೊದ್ಲು ಚೆನ್ನಿ ಅಂತ ಬರೀರಿ. ಜಾಗ ಮಿಕ್ಕುದ್ರೆ ಊರು ಹಾಕಿ.”