ಊದಿದರೆ ಮಾತ್ರ ಹೊರಡುವ ಕಾರು

ಕಳೆದ ಶನಿವಾರ ನಾನು ಒಂದು ಸುಳ್ಳು ಹೇಳಿದೆ. ಅದೂ ಮಗಳ ಎದುರು, ಬೆಳಗ್ಗೆ ಒಂಬತ್ತಕ್ಕೇ.

ನಮ್ಮ ಕಾರು ರಿಪೇರಿಗೆ ಹೋಗಿತ್ತು. ಹನ್ನೆರಡು ವರ್ಷದ ಮಗಳು ಸಿರಿಗೆ ಕ್ರಿಕೆಟ್ ಪ್ರಾಕ್ಟೀಸ್ ತಪ್ಪಿಸುವಂತಿಲ್ಲ. (ಗಣಿತದ ಟ್ಯೂಷನ್ ತಪ್ಪಿದರೆ ಇಷ್ಟು ಬೇಜಾರಾಗುವುದಿಲ್ಲ, ಬಿಡಿ.) ಕೋಚ್ ಬಸವರಾಜ್ ಅವರೇ ಮಾಲ್ಟನ್ನಿನ ನಮ್ಮ ಮನೆಗೆ ಬಂದು ಇಬ್ಬರನ್ನೂ ಹತ್ತಿಸಿಕೊಂಡರು. ಧಾರವಾಡದವರು. ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿ ಟೀಮಿನ ಫಾಸ್ಟ್ ಬೌಲರ್. ಈಗ ಈ ಪರದೇಶದಲ್ಲಿ ವಾರವಿಡೀ ಪಕ್ಕದ ಬ್ರ್ಯಾಂಪ್ಟನ್ನಿನ ವೇರ್‌ಹೌಸಿನಲ್ಲಿ ದುಡಿದು, ಶನಿವಾರ ನಮ್ಮ ಮಕ್ಕಳಿಗೆ ಪುಕ್ಕಟೆ ಕ್ರಿಕೆಟ್ ಕಲಿಸುತ್ತಾರೆ. ಸಿರಿಯ ಪಾಲಿಗೆ ಅವರು ಸಾಕ್ಷಾತ್ ದೇವರು.

ಸೀಟ್‌ಬೆಲ್ಟ್ ಹಾಕಿಕೊಂಡ ಮೇಲೆ ಬಸವರಾಜ್ ಕೀ ತಿರುಗಿಸಿದರು. ಕಾರು ಹೊರಡಲಿಲ್ಲ. ಡ್ಯಾಶ್‌ಬೋರ್ಡಿನ ಪಕ್ಕದಿಂದ ವೈರಿನಲ್ಲಿ ನೇತಾಡುತ್ತಿದ್ದ ಪುಟ್ಟ ಯಂತ್ರವನ್ನು ಬಾಯಿಗಿಟ್ಟು ದೀರ್ಘವಾಗಿ ಊದಿದರು. ಅದು ಪೀಂ ಎಂದಿತು. ಆಮೇಲೆಯೇ ಎಂಜಿನ್ ಶುರು.

"ವಾಟ್ಸ್ ದಟ್, ಕೋಚ್?" ಸಿರಿ ಮುಂದೆ ಬಾಗಿದಳು.

"ಅದು ಆಸ್ತಮಾ ಟೆಸ್ಟು ಕಣೇ," ಅಂದೆ ನಾನು. ಎಷ್ಟು ಚುರುಕು ನೋಡಿ!

ನನಗೆ ವಿಷಯ ಗೊತ್ತಿತ್ತು. ಎರಡು ದಿನ ಮೊದಲು ಪೋಷಕರಿಗೆಲ್ಲ ಒಂದು ಇಮೇಲ್ ಬಂದಿತ್ತು. ಬಸವರಾಜ್ ಹಿಂದೊಮ್ಮೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು, ಅಂಥವರು ಮಕ್ಕಳಿಗೆ ಕೋಚ್ ಆಗಿರಬೇಕೇ? ಮುಂದಿನ ವಾರದ ಭಾನುವಾರ ಸಭೆ. ಅಷ್ಟರೊಳಗೆ ಎಲ್ಲರೂ 'ಇರಲಿ' ಅಥವಾ 'ಬೇಡ' ಎಂದು ಬರೆದು ಕಳಿಸಬೇಕು. ನಾನಿನ್ನೂ ಉತ್ತರ ಬರೆದಿರಲಿಲ್ಲ.

ಬಸವರಾಜ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಸುಳ್ಳ್ಯಾಕ್ರೀ ಅಕ್ಕಾರ? ಹುಡುಗಿಗೆ ಖರೇ ಹೇಳೂಣು." ಆಮೇಲೆ ಸಿರಿಗೆ, "ನಾ ಒಂದಿನ ಕುಡದು ಗಾಡಿ ಹೊಡದಿದ್ದೆ, ಪುಟ್ಟಿ. ಪೊಲೀಸರು ಹಿಡದ್ರು. ಒಂದ್ ವರ್ಷ ಲೈಸೆನ್ಸ್ ಇರಲಿಲ್ಲ. ಈಗ ಇದಕ್ಕ ಊದಲಾರದ ಗಾಡಿ ಸ್ಟಾರ್ಟ್ ಆಗಂಗಿಲ್ಲ."

 ಸಿರಿ ಮೆಲ್ಲಗೆ ಕೇಳಿದಳು, "ಡಿಡ್ ಯು ಹರ್ಟ್ ಎನಿಬಡಿ?"

"ಇಲ್ಲವ್ವಾ. ಅದು ನನ್ನ ಪುಣ್ಯಾ, ಶ್ಯಾಣ್ಯಾತನ ಅಲ್ಲ."

ಇಂಥ ಮಾತನ್ನು ನಾನು ಟೀವಿಯಲ್ಲಿ ಕೇಳಿಲ್ಲ. ಅಲ್ಲೂ ಆಗಾಗ ಈ ದೇಶದ ಯಾವನೋ ಐಸ್ ಹಾಕಿ ಸ್ಟಾರ್ ಕುಡಿದು ಸಿಕ್ಕಿಬೀಳುತ್ತಾನೆ. ಲಾಯರ್ ಬರೆದುಕೊಟ್ಟ ಕ್ಷಮಾಪಣೆಯನ್ನು ಟೈ ಕಟ್ಟಿಕೊಂಡು ಓದುತ್ತಾನೆ. ನಾಲ್ಕು ಗೋಲು ಹೊಡೆದರೆ ಊರೇ ಮರೆಯುತ್ತದೆ. ನಮ್ಮ ಬಸವರಾಜ್‌ಗೆ ಲಾಯರೂ ಇಲ್ಲ, ಗೋಲೂ ಇಲ್ಲ. ಲೈಸೆನ್ಸ್ ಇಲ್ಲದ ಆ ವರ್ಷ ಬ್ಯಾಟು, ಪ್ಯಾಡು, ಸ್ಟಂಪುಗಳ ಚೀಲ ಹೊತ್ತು ಎರಡು ಬಸ್ಸು ಬದಲಿಸಿ ಮೈದಾನಕ್ಕೆ ಬರುತ್ತಿದ್ದರು. ಯಾಕೆ ಎಂದು ಕೇಳಿದರೆ, "ಕಾರು ಮಾರಿದೆ ರೀ," ಅನ್ನುತ್ತಿದ್ದರು. ಒಂದು ಶನಿವಾರವೂ ತಪ್ಪಿಸಲಿಲ್ಲ.

"ವೆನ್ ಡಿಡ್ ಇಟ್ ಹ್ಯಾಪನ್?" ಸಿರಿ ಬಿಡಲಿಲ್ಲ.

"ಎರಡ್ ವರ್ಷ ಆತು. ನೀವೆಲ್ಲಾ ಮೊದಲನೇ ಮ್ಯಾಚ್ ಗೆದ್ದಿರಲ್ಲ, ಅವತ್ತ. ಒಂದ್ ಕಡೆ ಊಟಕ್ಕ ಹೋಗಿದ್ದೆ."

ಒಂದು ಕಡೆ! ಆ ಒಂದು ಕಡೆ ನಮ್ಮ ಮನೆ.

ಗೆದ್ದ ಖುಷಿಗೆ ದೊಡ್ಡವರನ್ನೆಲ್ಲ ಮಧ್ಯಾಹ್ನ ಊಟಕ್ಕೆ ಕರೆದಿದ್ದೆವು. ಮಕ್ಕಳು ಪಕ್ಕದ ಮನೆಯಲ್ಲಿ ಪಿಜ್ಜಾ ತಿನ್ನುತ್ತಿದ್ದರು. ಬಲವಂತ ಮಾಡದಿದ್ದರೆ ಅದು ಉಪಚಾರವೇ ಅಲ್ಲ ಎನ್ನುವವರು ನಾವು. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬಡಿಸುವ ಜನ. ಅವತ್ತು ಅದೇ ಕೈ ಸೌಟು ಬಿಟ್ಟು ಬಾಟಲಿ ಹಿಡಿಯಿತು. ಬಸವರಾಜ್ ಗ್ಲಾಸಿನ ಮೇಲೆ ಅಂಗೈ ಇಟ್ಟು ಸಾಕು ಸಾಕು ಎಂದರು. ನನ್ನ ಗಂಡ, "ಏನ್ರೀ ಕೋಚೇ, ಗೆದ್ದ ದಿನಾನೂ ಸಂಕೋಚಾನಾ?" ಎಂದು ಸುರಿದರು. ನಾನು ನಕ್ಕೆ.

ಇಷ್ಟೇ ಆಗಿದ್ದರೆ ಗಂಡನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಐದು ಗಂಟೆಗೆ ಎಲ್ಲರೂ ಹೊರಟರು. ಬಸವರಾಜ್ ಸೋಫಾದಲ್ಲಿ ಕೂತು ಜೇಬು ತಡಕುತ್ತಿದ್ದರು. "ಕೀ ಸಿಗವಲ್ದು ಅಕ್ಕಾರ. ಸ್ವಲ್ಪ ಕೂತು ಹೋಗ್ತೀನ್ರಿ," ಅಂದರು. ಸಿಂಕಿನಲ್ಲಿ ಪಾತ್ರೆ ರಾಶಿ ಬಿದ್ದಿತ್ತು, ನನಗೆ ಸುಸ್ತು. ದಿಂಬು ಎತ್ತಿ ಕೀ ಹುಡುಕಿದ್ದು ನಾನು. ಹೋಳಿಗೆ ಡಬ್ಬಿಯ ಮೇಲೆ ಅದನ್ನಿಟ್ಟು ಅವರ ಕೈಗೆ ಕೊಟ್ಟು, "ಹುಷಾರಾಗಿ ಹೋಗಿ," ಅಂದೆ. ಎಂಥ ಕಾಳಜಿ!

ಎರಡು ವರ್ಷ ಆ ಮನುಷ್ಯ ನಮ್ಮ ಮನೆಯ ಹೆಸರೆತ್ತಲಿಲ್ಲ. ಶನಿವಾರ ಕಾರಿನಲ್ಲೂ ಎತ್ತಲಿಲ್ಲ. 

ಅಷ್ಟರಲ್ಲಿ ಆ ಯಂತ್ರ ಮತ್ತೆ ಕೂಗಿತು. ದಾರಿಯ ನಡುವೆಯೂ ಊದಿ ತೋರಿಸಬೇಕಂತೆ. ಬಸವರಾಜ್ ಒಂದು ಅಂಗಡಿಯ ಪಾರ್ಕಿಂಗಿಗೆ ಕಾರು ತಿರುಗಿಸಿ ನಿಲ್ಲಿಸಿದರು. ಮಗುವಿನ ಎದುರು ಇನ್ನೊಮ್ಮೆ ಊದಬೇಕಲ್ಲ, ಅವರ ಕಿವಿ ಕೆಂಪಾಗಿದ್ದನ್ನು ಹಿಂದಿನ ಸೀಟಿನಿಂದ ನೋಡಿದೆ. ಸಿರಿ ಅವರ ಭುಜ ಮುಟ್ಟಿ, "ಡೀಪ್ ಬ್ರೆತ್, ಕೋಚ್," ಅಂದಳು. ಬ್ಯಾಟಿಂಗಿಗೆ ಇಳಿಯುವ ಮೊದಲು ಅವರು ಮಕ್ಕಳಿಗೆ ಹೇಳಿಕೊಡುವ ಮಾತದು.

ಅವರು ಊದಿದರು. ಕಣ್ಣು ಒರೆಸಿಕೊಂಡರು. ಹೊರಟೆವು.

ರೋಲ್ ಮಾಡೆಲ್ ಅಂದರೆ ಯಾರು? ತಪ್ಪೇ ಮಾಡದವರೇ? ಹಾಗಾದರೆ ಆ ಊಟಕ್ಕೆ ಬಂದ ನಾವ್ಯಾರೂ ಆ ಲಿಸ್ಟಿನಲ್ಲಿಲ್ಲ. ಅವತ್ತು ಕುಡಿದವರಲ್ಲಿ ಇನ್ನೂ ಮೂವರು ತಮ್ಮ ತಮ್ಮ ಕಾರು ಓಡಿಸಿಕೊಂಡೇ ಮನೆ ಸೇರಿದ್ದರು. ಅವರ ರಸ್ತೆಯಲ್ಲಿ ಪೊಲೀಸರು ಇರಲಿಲ್ಲ, ಅಷ್ಟೇ. ಅವರಲ್ಲಿ ಒಬ್ಬರು ಈಗ 'ಬೇಡ' ಎಂದು ಬರೆದಿದ್ದಾರೆ. ಬಸವರಾಜ್ ಮಾಡಿದ್ದು ಸಣ್ಣ ತಪ್ಪಲ್ಲ. ಆ ಸಂಜೆ ರಸ್ತೆ ದಾಟುತ್ತಿದ್ದವರಲ್ಲಿ ಯಾರದೋ ಸಿರಿ ಇದ್ದಿರಬಹುದು. ಆದರೆ ಮಗು ಕೇಳಿದಾಗ ಅದನ್ನು ಅವರು ಬಚ್ಚಿಡದೆ ಹೇಳಿದರು. ಆಸ್ತಮಾ ಅಂದವಳು ನಾನು.

ಮರುದಿನ ಭಾನುವಾರ ಉತ್ತರ ಬರೆಯಲು ಕೂತೆ, ಎದ್ದೆ. ಸೋಮವಾರ ಕೆಲಸದ ನೆಪ. ಮಂಗಳವಾರ ಬೆಳಗ್ಗೆ ಕೊನೆಗೂ ಪೋಷಕರಿಗೆಲ್ಲ ಉತ್ತರ ಕಳಿಸಿದೆ. "ಕೋಚ್ ಇರಲಿ. ಅವತ್ತು ಅವರು ಕುಡಿದದ್ದು ನಮ್ಮ ಮನೆಯಲ್ಲಿ. ಕಾರಿನ ಕೀ ಹುಡುಕಿ ಕೊಟ್ಟವಳು ನಾನು. ಸಭೆಯಲ್ಲಿ ಅವರ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ." ಆಮೇಲೆ ಸಿರಿಯನ್ನು ಕರೆದು ಇಂಗ್ಲಿಷಿನಲ್ಲಿದ್ದ ಆ ಮೇಲ್ ತೋರಿಸಿದೆ. ಒಳಗೊಳಗೇ ಒಂದು ಶಹಬ್ಬಾಸ್ ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಅವಳು ಎರಡು ಸಲ ಓದಿದಳು. ಬೇಜಾರಾದಾಗ ಮಾತ್ರ ನನ್ನ ಮಗಳಿಗೆ ಅಚ್ಚುಕಟ್ಟಾಗಿ ಕನ್ನಡ ಬರುತ್ತದೆ.

"ಕೋಚ್ ನಾನು ಕೇಳಿದ ತಕ್ಷಣ ಹೇಳಿದ್ರು. ನಿಂಗೆ ಯಾಕಮ್ಮ ಮೂರು ದಿನ ಬೇಕಾಯ್ತು?"