ಪುಷ್ಪಲತಾಳ ಪಿಕಪ್ಪಿಗೆ ಹಾಕಿದ ಧೂಪ

ಕಣಕಟ್ಟೆ ಸುತ್ತಿನ ತೋಟಗಳಲ್ಲಿ ಪುಷ್ಪಲತಾ ಎಂದು ಕೇಳಿದರೆ ಯಾರಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಾರೆ. ಪಿಕಪ್ ಪುಷ್ಪಕ್ಕ ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಹಳೇಬೀಡಿನ ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿಸಿಕೊಂಡವಳು ಅವಳು. ಗಂಡ ಇಂದ್ರೇಶನದು ತೆಂಗಿನಕಾಯಿ ವ್ಯಾಪಾರ. ವ್ಯಾಪಾರದಲ್ಲಿ ಗಟ್ಟಿಗ, ಆದರೆ ಪಿಕಪ್ಪನ್ನು ಹಿಂದಕ್ಕೆ ತೆಗೆಯುವಾಗ ಅವನು ಕೆಡವದ ಬೇಲಿ ಊರಲ್ಲಿಲ್ಲ. ಕೇಳಿದರೆ ಬೇಲಿ ಹಾಕಿದ್ದೇ ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು. ಹಾಗಾಗಿ ಮದುವೆಯಾದ ವರ್ಷವೇ ಗಾಡಿಯ ಕೀಲಿ ಅವಳ ಕೈ ಸೇರಿತು. ಯಾರೂ ಕೊಟ್ಟಿದ್ದಲ್ಲ, ಅವಳೇ ತೆಗೆದುಕೊಂಡಳು.

ಆ ಕೀಲಿಗೇ ಈ ಬೇಸಿಗೆಯಲ್ಲಿ ಸಂಚಕಾರ ಬಂತು. ಅರಸೀಕೆರೆಗೆ ಲೋಡು ಹಾಕಿ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿಯೇ ಇದೆ ಎಂದರು. ಒಂದು ದಿನ ದಾರಿಯಲ್ಲೇ ಕಣ್ಣು ಕತ್ತಲೆ ಬಂದು, ಗಾಡಿಯನ್ನು ಪಕ್ಕಕ್ಕೆ ಹಾಕಿ ಹುಣಸೆಮರದ ಕೆಳಗೆ ಕೂತುಬಿಟ್ಟಳು. ಇಂದ್ರೇಶ ಹೆದರಿಹೋದ. ಮರಿಯಣ್ಣನೆಂಬ ಡ್ರೈವರನ್ನು ಗೊತ್ತುಮಾಡಿ, ಮಂಗಳವಾರದಿಂದ ಅವನು ಬರುತ್ತಾನೆ, ನೀನು ಮನೆಯಲ್ಲಿರು ಎಂದ. ಪ್ರೀತಿಯಿಂದಲೇ ಹೇಳಿದ, ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅತ್ತೆ ಸುವರ್ಣಮ್ಮನ ತೀರ್ಮಾನ ಬೇರೆ. ಹೆಂಗಸು ಗಾಡಿ ಓಡಿಸುವುದನ್ನು ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರೆ ದೃಷ್ಟಿಯಾಗದೆ ಇರುತ್ತದೆಯೇ? ಸೊಸೆಗೆ ನಿವಾಳಿಸಿದ್ದಾಗಿತ್ತು; ಇನ್ನು ಗಾಡಿಗೆ ಎಂದು ಭಾನುವಾರ ಬೆಳಿಗ್ಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿಕೊಂಡು ಬಂದರು. ದೃಷ್ಟಿ ಒಳಗೇ ಹೊಕ್ಕಿರುತ್ತದೆ, ಬಾನೆಟ್ ಎತ್ತು, ಎಂಜಿನ್ ಚಾಲೂ ಮಾಡು ಎಂದು ಅಪ್ಪಣೆಯಾಯಿತು. ಮಲಗಿದ ಎಂಜಿನ್ನಿಗೆ ಧೂಪ ಹಾಕಿ ಏನು ಫಲ ಎಂಬುದು ಅವರ ವಾದ. ಪುಷ್ಪಲತಾ ಒಳಗೊಳಗೇ ನಗುತ್ತ ಕೀಲಿ ತಿರುಗಿಸಿದಳು.

ಫ್ಯಾನಿನ ಗಾಳಿಗೆ ಧೂಪದ ಹೊಗೆ ಹಿಂದಕ್ಕೆ ಬಾಗಿ ಹೋಗುತ್ತಿತ್ತು. ಎಂಜಿನ್ನಿನ ಒಂದು ಮಗ್ಗುಲಲ್ಲಿ ಮಾತ್ರ, ಯಾರೋ ಒಳಗೆ ಕೂತು ಊದುತ್ತಿರುವ ಹಾಗೆ, ಪುಸ್ ಪುಸ್ ಎಂದು ಅಡ್ಡಡ್ಡ ಚದುರಿತು.

“ನೋಡೇ ಪುಷ್ಪಾ, ಇಲ್ಲೇ ಕೂತೈತೆ ಪೀಡೆ,” ಎಂದರು ಸುವರ್ಣಮ್ಮ.

ಪುಷ್ಪಲತಾಳ ನಗು ನಿಂತಿತು. ಎಂಜಿನ್ ಆರಿಸಿ ಟಾರ್ಚ್ ಹಿಡಿದು ಬಗ್ಗಿದಳು. ಎಂಜಿನ್ನಿನ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿಗೆ ದಾಟಿಸುವ ಬೀಡು ಕಬ್ಬಿಣದ ಕೊಳವೆ, ಮೆಕ್ಯಾನಿಕ್ಕುಗಳು ಮ್ಯಾನಿಫೋಲ್ಡ್ ಎನ್ನುವುದು, ಬಿರುಕು ಬಿಟ್ಟಿತ್ತು. ಸುತ್ತ ಮಸಿ. ಅಲ್ಲಿ ಸೋರಿದ ಹೊಗೆ ಪೆಡಲಿನ ಬಳಿಯ ಹರಿದ ರಬ್ಬರಿನ ಸಂದಿಯಿಂದ ನೇರವಾಗಿ ಕ್ಯಾಬಿನ್ನಿಗೆ ಬರುತ್ತಿತ್ತು. ಇಷ್ಟು ದಿನ ಅವಳು ಕುಡಿದದ್ದು ಅದನ್ನೇ.

ಅರಸೀಕೆರೆಯ ಮೆಕ್ಯಾನಿಕ್ ನಟರಾಜ್ ಅಂದೇ ಹೊಸ ಮ್ಯಾನಿಫೋಲ್ಡ್ ಹಿಡಿದು ಮನೆಗೇ ಬಂದ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಕುಡಿಸಿ, ತಟ್ಟಿ, ಒಂದೊಂದೇ ಬಿಚ್ಚಿದರು. ಅವನು ಮೇಲಿನಿಂದ, ಅವಳು ಗಾಡಿಯ ಕೆಳಗೆ ಮಲಗಿ. ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿಯುವ ಸ್ಟಡ್ಡುಗಳಲ್ಲಿ ಒಂದು ಮುರಿದು ಅರ್ಧ ಒಳಗೇ ಉಳಿಯಿತು. ಮಿಕ್ಕವು ಹಿಡಿದುಕೊಳ್ಳುತ್ತವೆ, ಇದೊಂದು ಬಿಡೋಣ ಎಂದ ನಟರಾಜ್.

“ಬಿಟ್ರೆ ಅಲ್ಲೇ ಮತ್ತೆ ಉಗುಳ್ತೈತೆ. ತೆಗೀರಿ,” ಎಂದಳು.

ವೆಲ್ಡಿಂಗ್ ಅಂಗಡಿಯ ಜವರಯ್ಯ ಬಂದು ಮುರಿದ ತುದಿಗೆ ನಟ್ಟು ಬೆಸೆದ. ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಸ್ಟಡ್ ಈಚೆ ಬಂತು. ಹೊಸ ಪ್ಯಾಕಿಂಗ್, ಹೊಸ ಸ್ಟಡ್ಡು, ಹೊಸ ರಬ್ಬರು ಎಲ್ಲ ಕೂತವು. ಸುವರ್ಣಮ್ಮ ಇನ್ನೊಮ್ಮೆ ಧೂಪ ಹಿಡಿದರು. ಈ ಸಲ ಹೊಗೆ ಎಲ್ಲೂ ಚದುರಲಿಲ್ಲ. ದೃಷ್ಟಿ ತೆಗೆದದ್ದು ತಾವೇ ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು. ಸೊಸೆ ತಕರಾರು ಮಾಡಲಿಲ್ಲ. ಪೀಡೆ ಕೂತ ಜಾಗ ತೋರಿಸಿದವರು ಅವರೇ ತಾನೇ.

ಅವಳ ತಲೆನೋವು ಹೋಯಿತೆಂದು ಇಂದ್ರೇಶ ಮಾತ್ರ ನಂಬಲಿಲ್ಲ. ಸೋಮವಾರ ಬೇಲೂರಿಗೆ ಲೋಡಿತ್ತು. ಕಾವಲಿಗೆಂದು ಅವನೂ ಹತ್ತಿ ಕೂತ. ಹೊಗೆ ಇನ್ನೂ ಒಳಗೆ ಬರುತ್ತಿದ್ದರೆ ಗೊತ್ತಾಗಲಿ ಎಂದು ಪುಷ್ಪಲತಾ ಎರಡೂ ಕಿಟಕಿಯ ಗಾಜು ಏರಿಸಿ ಹೊರಟಳು. ಜಾವಗಲ್ ದಾಟುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವಳೂ ಬೆವರಿದ್ದಳು, ಆದರೆ ತಲೆ ತಿಳಿಯಾಗಿತ್ತು, ಕೈ ನೆಟ್ಟಗಿತ್ತು, ಸಂತೋಷ ತಡೆಯಲಾಗುತ್ತಿರಲಿಲ್ಲ. ತಲೆನೋವು ಇದೆಯಾ ಎಂದು ಅವನು ಮತ್ತೆ ಮತ್ತೆ ಕೇಳಿದ. ಇಲ್ಲ, ಇಲ್ಲ ಎಂದಳು. ಕೊನೆಗೆ ತಾಳಲಾರದೆ ಅವನು ಗಾಜಿನ ಹಿಡಿಗೆ ಕೈ ಹಾಕಿದ.

“ಕೈ ತೆಗೀರಿ. ಮೊದ್ಲು ಮರಿಯಣ್ಣಂಗೆ ಬರಬ್ಯಾಡ ಅಂತ ಫೋನ್ ಮಾಡಿ.”

ಹಳೇಬೀಡು ಬರುವ ಮೊದಲೇ ಇಂದ್ರೇಶ ಫೋನು ಕಿವಿಗಿಟ್ಟ. ಮರಿಯಣ್ಣ ಆಗಲಿ ಎನ್ನುವವರೆಗೂ ಅವಳು ಗಾಜು ಇಳಿಸಲು ಬಿಡಲಿಲ್ಲ.